‘ಕಾಲ ನೋಯಾಕತ್ತೈತಿ’ ಅಂದ್ರ ಅಂಗನವಾಡಿ ಬಾಯಿಗೆ ತಿಳೀಬೇಕಲ್ಲ!

ಬಾಲಗಾಂವ (ತಾ. ಜತ್ತ): ಕನ್ನಡದಲ್ಲಿ ಕಾಲ ಅಂದ್ರ ನಡೆಯೋ ಕಾಲು. ಮರಾಠಿಯಲ್ಲಿ ಕಾಲ ಅಂದ್ರ ನಿನ್ನೆ. ನಮ್ಮಲ್ಲಿ ಕೈ ಅಂದ್ರ ಕೈ. ಅವರಲ್ಲಿ ಕಾಯ ಅಂದ್ರ ‘ಏನು?’ ಅಂತ ಪ್ರಶ್ನೆ. ನಾಕ ಅಂದ್ರ ನಮಗೆ ನಾಲ್ಕು, ಅವರಿಗೆ ಮೂಗು. ಜತ್ತ ಪೂರ್ವ ಭಾಗದಲ್ಲಿ ಇವೆಲ್ಲ ಕಟ್ಟಿ ಮೇಲೆ ಕುಂತು ನಗೋ ಮಾತು. ಎರಡೂ ಭಾಷೆ ಬಲ್ಲ ದೊಡ್ಡವರಿಗೆ ನಗು ಬರುತ್ತದೆ. ಮೂರು ವರ್ಷದ ಕೂಸಿಗೆ ಮಾತ್ರ ಇದು ನಗೋ ಮಾತಲ್ಲ.

ನನ್ನ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಣದ್ರಾಕ್ಷಿ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು ಎರಡು ವರ್ಷ ಪೂರ್ತಿ ಮರಾಠಿ ಮಾತಾಡುವ ಊರೊಂದರಲ್ಲಿ ಸಂಸಾರ ಹೂಡಿದ್ದೆ. ಊರಿನ ಹೆಸರು ಬೇಡ. ಮಗಳನ್ನು ಅಲ್ಲಿಯ ಅಂಗನವಾಡಿಗೆ ಹಾಕಿದೆವು. ಆಕೆಗೆ ಆಗ ಮೂರೂವರೆ ವರ್ಷ. ಅಜ್ಜಿ ಜೋಡಿ ಬೆಳೆದ ಹುಡುಗಿ, ಬಾಯಲ್ಲಿ ಬರೀ ಕನ್ನಡ. ಒಂದು ದಿನ ಮಧ್ಯಾಹ್ನ ಕರೆತರಲು ಹೋದ ನನ್ನ ಹೆಂಡತಿಗೆ ಸೇವಿಕಾ ಬಾಯಿ ಕೇಳಿದರು: ಮುಂಜಾನೆಯಿಂದ ಅಳ್ತಾಳ, ‘ಕಾಲ, ಕಾಲ’ ಅಂತಾಳ, ನಿನ್ನೆ ಮನೆಯಲ್ಲಿ ಏನಾದ್ರೂ ಆಯ್ತಾ, ಯಾರಾದ್ರೂ ಬೈದರಾ? ಮನೆಗೆ ಬಂದು ನೋಡಿದರೆ ಎಡಗಾಲ ಹಿಮ್ಮಡದಲ್ಲಿ ಜಾಲಿಮುಳ್ಳು! ಮುರಿದು ತುದಿ ಒಳಗೇ ಉಳಿದಿತ್ತು.

ಆ ಬಾಯಿ ಕೆಟ್ಟವರಲ್ಲ. ತೊಡೆ ಮೇಲೆ ಕೂಡಿಸಿಕೊಂಡು ‘ಕಾಲ ಕಾಯ ಝಾಲಂ ಬಾಳಾ?’ ಅಂತ ಮತ್ತೆ ಮತ್ತೆ ಕೇಳಿದ್ದರಂತೆ. ನಿನ್ನೆ ಏನಾಯ್ತು ಕೂಸೆ, ಅಂತ. ಮಗಳಿಗೆ ಕೇಳಿಸಿದ್ದು ‘ಕಾಲ... ಕೈ...’. ಕಾಲು ಅಂದ್ರ ಕೈ ಅಂತಾರಲ್ಲ ಅಂತ ಆಕೆ ಇನ್ನೂ ಜೋರಾಗಿ ಅತ್ತಿದ್ದಳು.

ಮುಳ್ಳು ತೆಗೆದೆವು, ಗಾಯ ಮಾಯ್ದಿತು. ಆದರೆ ಅಂದಿನಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕೂಸನ್ನು ಅಂಗನವಾಡಿಗೆ ಬಿಡುವಾಗ ನಾವು ನೋಡೋದು ಗೋಡೆ, ತಗಡು, ಖಿಚಡಿ, ಕಂಪೌಂಡು. ನೋಡಬೇಕಾದ್ದೇ. ಆದರೆ ನನ್ನ ಕೂಸು ‘ನೋವು’ ಅಂದರೆ, ‘ಅಂಜಿಕೆ’ ಅಂದರೆ ತಿಳಕೊಳ್ಳುವವರು ಒಳಗೆ ಒಬ್ಬರಾದರೂ ಇದ್ದಾರೆಯೇ ಅಂತ ಯಾರು ನೋಡುತ್ತೇವೆ?

ಗೋಡೆಯ ಭಾಷೆ, ಮಡಿಲ ಭಾಷೆ

ಬಾಲಗಾಂವ, ಸಂಖ, ಉಮದಿ ಕಡೆ ಮನೆಮಾತು ಕನ್ನಡ. ಸಂತೆ, ಲಗ್ನ, ದೊಡ್ಡ ಆಸ್ಪತ್ರೆ ಅಂದರೆ ಚಡಚಣ, ಇಂಡಿ, ವಿಜಯಪುರ. ರೇಶನ್ ಕಾರ್ಡು, ಸಾತಬಾರಾ ಉತಾರ ಅಂದರೆ ಜತ್ತ, ಸಾಂಗಲಿ. ಒಂದನೇ ಇಯತ್ತೆಯಿಂದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳುಂಟು. ಅದಕ್ಕೂ ಮೊದಲಿನ ಮೂರು ವರ್ಷದ ಮಾತೇ ಬೇರೆ. ಅಂಗನವಾಡಿಯ ತಕ್ತೆ, ರಜಿಸ್ಟರು, ಮೇಲಿನಿಂದ ಬರುವ ಪುಸ್ತಕ ಎಲ್ಲ ಮರಾಠಿ. ಊರಿನ ಹೆಣ್ಣುಮಗಳೇ ಸೇವಿಕಾ ಆದಲ್ಲಿ ಚಿಂತೆ ಕಡಿಮೆ. ಹಾಡು ಮರಾಠಿಯಲ್ಲಿ ಹೇಳಿಸಿದರೂ ಮೂಗು ಒರೆಸುವಾಗ ಮಾತು ಕನ್ನಡವೇ ಬರುತ್ತದೆ. ಗೋಡೆಯ ಭಾಷೆ ಯಾವುದೇ ಇರಲಿ, ಮಡಿಲ ಭಾಷೆ ಕೂಸಿನದ್ದಿದ್ದರೆ ಕೂಸು ಉಳಕೊಳ್ಳುತ್ತದೆ. ಸೇವಿಕಾ, ಮದತನೀಸ ಇಬ್ಬರಿಗೂ ಕನ್ನಡ ಬಾರದಿದ್ದಲ್ಲಿ ಕೂಸು ಒಂದು ಮೂಲೆ ಹಿಡಿಯುತ್ತದೆ.

ದೊಡ್ಡ ಮಕ್ಕಳ ವಿಷಯ ಬಂದರೆ ನಾವು ಕೂಗುತ್ತೇವೆ. 2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಗಡಿಯ ಎರಡೂ ಕಡೆ ಸುದ್ದಿಯಾಯಿತು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ಕಲಮು ಹೇಳುತ್ತದೆ. ಆ ಕಲಮು ಸೇರಿದ್ದು 1956ರಲ್ಲಿ. ಆಗ ಅಂಗನವಾಡಿ ಯೋಜನೆ ಹುಟ್ಟಿರಲಿಲ್ಲ. ಹಾಗಾಗಿ ಮೂರರಿಂದ ಆರು ವರ್ಷದ ಕೂಸಿನ ಹೆಸರು ಅದರಲ್ಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾತ್ರ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಅಂತ ಹಿಡಿದು, ಸಾಧ್ಯವಿದ್ದಲ್ಲೆಲ್ಲ ಮನೆಮಾತಿನಲ್ಲೇ ಕಲಿಸಬೇಕು ಅಂದಿದೆ. ಸಾಧ್ಯವಿದ್ದಲ್ಲೆಲ್ಲ... ಈ ಒಂದು ಶಬ್ದದ ಮೇಲೆ ಎಷ್ಟು ಫೈಲು ಮಲಗಿರುತ್ತವೋ ದೇವರೇ ಬಲ್ಲ.

ಅಂಗಳದಿಂದ ಬಂದ ಹೆಸರು

ವಿಚಿತ್ರವೆಂದರೆ ಅಂಗನವಾಡಿ ಅನ್ನುವ ವಿಚಾರ ಹುಟ್ಟಿದ್ದೇ ಮಹಾರಾಷ್ಟ್ರದಲ್ಲಿ, ಅದೂ ಇಂಥದ್ದೇ ಮಕ್ಕಳ ಸಲುವಾಗಿ. ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಬಾಲಮಂದಿರದ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ 1945ರ ಸುಮಾರಿಗೆ ಆಗಿನ ಠಾಣೆ, ಈಗಿನ ಪಾಲಘರ ಜಿಲ್ಲೆಯ ಬೋರ್ಡಿಗೆ ಬಂದರು. ಜೊತೆಗೆ ಅನುತಾಯಿ ವಾಘ ಸೇರಿಕೊಂಡರು. ಬಡವರ ಮಕ್ಕಳು ಬಾಲವಾಡಿಗೆ ಬರಲೊಲ್ಲವು. ಕರೆದರೆ ಓಡಿಹೋಗುತ್ತಿದ್ದವು. ಅವು ಬರದಿದ್ದರೆ ನಾವೇ ಅವರ ಅಂಗಳಕ್ಕೆ ಹೋಗೋಣ ಅಂತ ಆ ಇಬ್ಬರು ಹೊರಟರು. ಕೂಸಿಗೆ ಪರಿಚಯದ ಅಂಗಳ, ಪರಿಚಯದ ಗಿಡ, ಹತ್ತಿರದಲ್ಲೇ ಅಜ್ಜಿ. ಅಲ್ಲೇ ಕಲ್ಲು, ಕಡ್ಡಿ, ಎಲೆ ಇಟ್ಟುಕೊಂಡು ಆಟ. ಮುಂದೆ ಕೋಸಬಾಡದ ಗುಡ್ಡದ ಮೇಲೆ ವಾರಲಿ ಮಕ್ಕಳ ನಡುವೆ ಅನುತಾಯಿ ಆಯುಷ್ಯವನ್ನೇ ಕಳೆದರು. ಆ ಮಕ್ಕಳ ಮನೆಮಾತೂ ಪುಸ್ತಕದ ಮರಾಠಿ ಅಲ್ಲ.

ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಹೆಸರು ಅಂಗಳದ್ದೇ ಉಳಿಯಿತು. ಆದರೆ ಕೂಸಿನ ಅಂಗಳಕ್ಕೆ ಹೋಗಬೇಕು ಅನ್ನುವ ಮೂಲ ಮಾತು ತೂಕದ ಯಂತ್ರ, ಪೊಟ್ಟಣ, ಮೊಬೈಲ್ ಆ್ಯಪ್‌ಗಳ ನಡುವೆ ಹಿಂದೆ ಸರಿದಿದೆ. ಸೇವಿಕಾ ಬಾಯಿಗಳನ್ನು ಬೈದು ಪ್ರಯೋಜನವಿಲ್ಲ. ಸರ್ವೆ ಅವರೇ ಮಾಡಬೇಕು, ಗರ್ಭಿಣಿಯರ ಯಾದಿ ಅವರೇ ಬರೀಬೇಕು, ಆ್ಯಪ್‌ನಲ್ಲಿ ಫೋಟೋ ಅವರೇ ಹಾಕಬೇಕು. ಉಳಿದ ಹೊತ್ತಿನಲ್ಲಿ ಕೂಸು.

ಅಳು ನಿಂತರೆ ಸಾಕೇ?

ಗುಡ್ಡಾಪುರ ದಾನಮ್ಮನ ಜಾತ್ರೆಯಲ್ಲಿ ಅವ್ವನ ಕೈ ತಪ್ಪಿದ ಕೂಸಿನ ಮುಖ ನೀವು ನೋಡಿರಬಹುದು. ಸುತ್ತ ಬೆಂಡು ಬತ್ತಾಸು, ಪೀಪಿ, ತೊಟ್ಟಿಲು ಎಲ್ಲ ಇರುತ್ತದೆ. ಕೂಸಿಗೆ ಯಾವುದೂ ಬೇಡ. ಅಂಗನವಾಡಿಯ ಮೊದಲ ವಾರವೂ ಕೂಸಿನ ಕಣ್ಣಿಗೆ ಹೀಗೇ. ಅವ್ವ ತಿರುಗಿ ಬರುತ್ತಾಳೆ ಅನ್ನೋದು ನಮಗೆ ಗೊತ್ತು. ಅದಕ್ಕೆ ಇನ್ನೂ ಗೊತ್ತಿಲ್ಲ.

ನಮ್ಮ ಕಡೆ ಇದಕ್ಕೆ ಇರುವ ಔಷಧ ಎರಡು. ಒಂದು, ಆಟದಲ್ಲಿ ಮೈಮರೆತಾಗ ಕಣ್ಣು ತಪ್ಪಿಸಿ ಹೋಗಿಬಿಡೋದು. ಎರಡು, ‘ಸುಮ್ಕ ಇರು, ಸೂಜಿ ಚುಚ್ಚೋರು ಬರ್ತಾರ’ ಅಂತ ಅಂಜಿಸೋದು. ಎರಡರಿಂದಲೂ ಅಳು ನಿಲ್ಲುತ್ತದೆ. ಆದರೆ ಕಣ್ಣು ತಪ್ಪಿಸಿ ಹೋದ ತಾಯಿಯ ಕೂಸು ಮರುದಿನ ಸೆರಗನ್ನೇ ಬಿಡೋದಿಲ್ಲ. ಅವ್ವ ಯಾವ ಹೊತ್ತಿಗಾದರೂ ಮಾಯ ಆಗಬಹುದು ಅಂತ ಅದು ಕಲಿತಿರುತ್ತದೆ. ಅಂಜಿಸಿದ ಕೂಸು ಮುಂದೆ ಸೂಜಿ ಹಾಕುವ ನರ್ಸಬಾಯಿಗೂ ಅಂಜುತ್ತದೆ, ಪೊಲೀಸನಿಗೂ ಅಂಜುತ್ತದೆ. ನಾಳೆ ನಿಜವಾಗಿ ಹೇಳಿಕೊಳ್ಳಬೇಕಾದಾಗ ಯಾರ ಹತ್ತಿರ ಹೋದೀತು?

ಸದ್ದಿಲ್ಲದ ಕೂಸು ಸುಖದಲ್ಲಿದೆ ಅಂತ ತಿಳಿಯುವ ತಪ್ಪು ನಮ್ಮದಷ್ಟೇ ಅಲ್ಲ. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬಾತ ಒಂದು ಚಿತ್ರ ತೆಗೆದ. ಎರಡು ವರ್ಷದ ಹುಡುಗಿಯೊಬ್ಬಳು ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಲಂಡನ್ನಿನ ಆಸ್ಪತ್ರೆಯಲ್ಲಿದ್ದದ್ದರ ಚಿತ್ರ. ಆಗ ಅಲ್ಲಿ ತಾಯಿ ಜೊತೆಗೆ ಇರುವ ಪದ್ಧತಿ ಇರಲಿಲ್ಲ. ಹುಡುಗಿ ರಂಪ ಮಾಡಲಿಲ್ಲ. ಮನೆಯಿಂದ ತಂದ ಗೊಂಬೆ ಅಪ್ಪಿಕೊಂಡು ಆಗಾಗ ಅವ್ವನನ್ನು ಕೇಳುತ್ತಿದ್ದಳು. ತಾಯಿ ನೋಡಲು ಬಂದಾಗ ಮುಖ ತಿರುಗಿಸುತ್ತಿದ್ದಳು. ರಾಬರ್ಟ್‌ಸನ್ ಮತ್ತು ಅವನ ಜೊತೆಗಿದ್ದ ಡಾಕ್ಟರ್ ಜಾನ್ ಬೌಲ್ಬಿ ಕಂಡುಕೊಂಡದ್ದು ಇಷ್ಟು: ತಾಯಿಯಿಂದ ದೂರವಾಗಿ ಬಹಳ ದಿನ ಉಳಿದ ಕೂಸು ಮೊದಲು ಅಳುತ್ತದೆ, ಆಮೇಲೆ ಆಸೆ ಬಿಡುತ್ತದೆ, ಕೊನೆಗೆ ಯಾರೂ ಬೇಡವೆನ್ನುವ ಹಾಗೆ ಇದ್ದುಬಿಡುತ್ತದೆ. ಹೊರಗಿನವರು ಇದನ್ನೇ ‘ಹೊಂದಿಕೊಂಡಿತು’ ಅಂತಾರೆ. 1959ರಲ್ಲಿ ಅಲ್ಲಿಯ ಸರ್ಕಾರದ ಸಮಿತಿಯೇ ಮಕ್ಕಳ ವಾರ್ಡಿಗೆ ತಂದೆತಾಯಿ ಮುಕ್ತವಾಗಿ ಬರಲಿ ಅಂತ ಶಿಫಾರಸು ಮಾಡಿತು. ನಮ್ಮ ತಾಲೂಕು ದವಾಖಾನೆಗಳಲ್ಲಿ ಅವ್ವ, ಅಜ್ಜಿ, ಚಿಗವ್ವ ಎಲ್ಲರೂ ಕೂಸಿನ ಕಾಟಿನ ಸುತ್ತ ಕೂಡೋದನ್ನು ನೋಡಿ ಸಿಡಿಮಿಡಿಗೊಳ್ಳುವವರು ಇದನ್ನು ತಿಳಿಯಬೇಕು.

ಅಂಗನವಾಡಿಯ ನಾಲ್ಕು ತಾಸು ಆಸ್ಪತ್ರೆಯ ಎಂಟು ದಿನದಷ್ಟು ಕಠಿಣವಲ್ಲ ನಿಜ. ಆದರೂ ಮೊದಲ ಮೂರು-ನಾಲ್ಕು ದಿನ ಅವ್ವನೋ ಅಜ್ಜಿಯೋ ಅಲ್ಲೇ ಒಂದು ಮೂಲೆಯಲ್ಲಿ ಕೂತರೆ ಯಾರ ಗಂಟು ಹೋಗುತ್ತದೆ? ಹೊರಡುವಾಗ ಕೂಸಿಗೆ ಹೇಳಿಯೇ ಹೊರಡಬೇಕು. ‘ಒಂದು ಗಂಟೆಗೆ ಬರ್ತೀನಿ’ ಅಂದರೆ ಅದಕ್ಕೆ ಗಡಿಯಾರ ತಿಳಿಯದು. ‘ಖಿಚಡಿ ಉಂಡ ಮ್ಯಾಲ ಬರ್ತೀನಿ’ ಅಂದರೆ ತಿಳಿಯುತ್ತದೆ. ಅಂದ ಮೇಲೆ ಖಿಚಡಿ ಮುಗಿಯೋ ಹೊತ್ತಿಗೆ ಬಾಗಿಲಲ್ಲಿ ನಿಂತಿರಬೇಕು, ಒಂದು ದಿನ ತಪ್ಪಿದರೂ ಹತ್ತು ದಿನದ ನಂಬಿಕೆ ಹೋಗುತ್ತದೆ. ಅವ್ವನ ಹಳೆ ಸೀರೆಯ ಕೌದಿ ತುಂಡು ಚೀಲದಲ್ಲಿಟ್ಟು ಕಳಿಸಿದರೆ ನಗಬೇಡಿ. ಅದರ ವಾಸನೆ ಕೂಸಿಗೆ ಗೊತ್ತು.

ಕಬ್ಬಿನ ಹಂಗಾಮಿನ ಕೂಸುಗಳು

ದೀಪಾವಳಿ ಮುಗಿಯುತ್ತಲೇ ನಮ್ಮ ಬರದ ಸೀಮೆಯಿಂದ ಟ್ರ್ಯಾಕ್ಟರು ತುಂಬಿ ಗ್ಯಾಂಗುಗಳು ಹೊರಡುತ್ತವೆ. ಮುಕಾದಮನ ಹತ್ತಿರ ಮುಂಗಡ ತಗೊಂಡಾಗಿರುತ್ತದೆ. ಗಂಡ-ಹೆಂಡತಿ ಇಬ್ಬರೂ ಸೇರಿದರೆ ಒಂದು ಕೊಯ್ತಾ. ಒಬ್ಬರೇ ಹೋದರೆ ಲೆಕ್ಕಕ್ಕೆ ಅರ್ಧ. ಹಾಗಾಗಿ ತಾಯಿ ಮನೆಯಲ್ಲಿ ಉಳಿಯುವ ಮಾತೇ ಇಲ್ಲ. ಇನ್ನು ಕೂಸು? ಒಂದೋ ಅಜ್ಜಿಯ ಹತ್ತಿರ ಬಾಲಗಾಂವದಂಥ ಊರಲ್ಲಿ, ಇಲ್ಲವೇ ತಾಯಿಯ ಜೊತೆ ಕಬ್ಬಿನ ಗದ್ದೆಯ ಬದುವಿನಲ್ಲಿ.

ಬದುವಿನ ಕೂಸಿನ ದಿನ ನಸುಕಿನಲ್ಲೇ ಶುರು. ಅವ್ವ ಕತ್ತಲಲ್ಲೇ ಕಡಿಯಲು ಹೋಗುತ್ತಾಳೆ. ಜೋಪಡಿಯಲ್ಲಿ ನೋಡಿಕೊಳ್ಳೋದು ಏಳೆಂಟು ವರ್ಷದ ಅಕ್ಕ. ಆಕೆಯೇ ಇನ್ನೊಬ್ಬರು ನೋಡಿಕೊಳ್ಳಬೇಕಾದ ಕೂಸು! ಶಾಲೆ ವಯಸ್ಸಿನವರಿಗೆ ಸಾಖರಶಾಳೆ ಅಂತ ಒಂದು ಕಾಲಕ್ಕೆ ನಡೆದವು, ಹಂಗಾಮಿ ವಸತಿಗೃಹ ಅಂತ ಬಂದವು. ಆರು ವರ್ಷದ ಒಳಗಿನವರು ಎರಡರಲ್ಲೂ ಲೆಕ್ಕಕ್ಕೆ ಬರಲಿಲ್ಲ.

ಇದು ಆಗದ ಕೆಲಸವೇನೂ ಅಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗಾಂಧೀ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ ಇಟ್ಟಿಗೆ ಹೊರುವ ತಾಯಂದಿರ ಕೂಸುಗಳು ದೂಳಲ್ಲಿ ಬಿದ್ದಿದ್ದನ್ನು ಮೀರಾ ಮಹಾದೇವನ್ ನೋಡಿದರು. ಅಲ್ಲೇ ಒಂದು ಡೇರೆ ಹಾಕಿ ಮಕ್ಕಳನ್ನು ಕೂಡಿಸಿದರು. ಅದೇ ಮುಂದೆ ಮೊಬೈಲ್ ಕ್ರೆಶಸ್ ಎಂಬ ಸಂಸ್ಥೆಯಾಯಿತು. ಕೆಲಸ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಕೂಸಿನ ಮನೆಯೂ ಹೋಗಬೇಕು ಅನ್ನೋದು ಅವರ ಪದ್ಧತಿ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೂ ಕೆಲಸದ ಜಾಗಕ್ಕೆ ಐದು ಚಿಕ್ಕ ಮಕ್ಕಳು ಬಂದರೆ ಒಬ್ಬ ಹೆಣ್ಣುಮಗಳನ್ನು ಕೂಲಿ ಕೊಟ್ಟು ಅವರನ್ನು ನೋಡಲು ಇಡಬೇಕು ಅಂತ ಬರೆದಿತ್ತು. ಗಡಿಯಾಚೆ ಕರ್ನಾಟಕದಲ್ಲಿ 2023ರಲ್ಲಿ 4000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ಅಂತ ಘೋಷಣೆಯಾಯಿತು. ಕಬ್ಬಿನ ಗದ್ದೆಗೆ ಮಾತ್ರ ಇನ್ನೂ ಯಾರೂ ಡೇರೆ ಹೊತ್ತು ಹೋಗಿಲ್ಲ ಅನ್ನಬೇಕು.

ಕಬ್ಬಿಗೆ ಹೋಗುವ ಮನೆಯವರು ಒಂದು ತಿಳಿದಿರಬೇಕು. ಅಂಗನವಾಡಿಯ ಪೋಷಣ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ಕೂಸಿನ ಹೆಸರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ರಾಜ್ಯದಿಂದ ಇನ್ನೊಂದಕ್ಕೂ ವರ್ಗ ಮಾಡಲು ಬರುತ್ತದೆ. ಹೊರಡುವ ಮೊದಲು ಸೇವಿಕಾ ಬಾಯಿಗೆ ಹೇಳಿ ಹೋದರೆ ಅಲ್ಲಿಯ ಅಂಗನವಾಡಿಯಲ್ಲಿ ಆಹಾರ ಕೇಳಲು ದಾರಿಯಾಗುತ್ತದೆ.

ಅಜ್ಜಿ ಹತ್ತಿರ ಉಳಿದ ಕೂಸಿನ ಕಥೆ ಬೇರೆ. ಹೊಟ್ಟೆಗೆ ಕೊರತೆ ಇಲ್ಲ, ಮಾತೂ ತನ್ನದೇ. ಆದರೆ ಐದು ತಿಂಗಳು ಅವ್ವ ಇಲ್ಲ. ಎಳ್ಳಮಾಸಿಗೆ ಬರ್ತಾಳ, ಸಂಕ್ರಾಂತಿಗೆ ಬರ್ತಾಳ ಅಂತ ಸುಳ್ಳು ಹೇಳಿ ಕೂಸನ್ನು ನಂಬಿಸೋದು ನಮ್ಮ ರೂಢಿ. ಅದರ ಬದಲು ವಾರಕ್ಕೊಂದು ಗೊತ್ತಾದ ದಿನ ಫೋನು ಹಚ್ಚಿ ಅವ್ವನ ಮುಖ ತೋರಿಸಿದರೆ ಒಳ್ಳೆಯದು. ಫೋನು ಇಟ್ಟ ಮೇಲೆ ಕೂಸು ಅಳುತ್ತದೆ ಅಂತ ಫೋನನ್ನೇ ನಿಲ್ಲಿಸಿಬಿಡುವ ಅಜ್ಜಿಯರಿದ್ದಾರೆ. ಅಳಲಿ ಬಿಡಿ. ಅಳುವ ಕೂಸಿಗೆ ಅವ್ವ ನೆನಪಿದ್ದಾಳೆ.

ಬ್ಯಾರಲ್ಲು, ಬೋರು, ಹೊಂಡ

ಜತ್ತ ತಾಲೂಕೆಂದರೆ ಟ್ಯಾಂಕರಿನ ತಾಲೂಕು. ನೀರಿಲ್ಲದ ಕಡೆ ಮಕ್ಕಳು ನೀರಲ್ಲಿ ಮುಳುಗುವ ಭಯವೇನು ಅನ್ನಬಹುದು. ಭಯ ಇರೋದು ಅಲ್ಲೇ. ನೀರು ಬಂದ ದಿನ ಬ್ಯಾರಲ್ಲು, ಹೌದು, ಸಿಮೆಂಟಿನ ಟಾಕಿ ಎಲ್ಲ ತುಂಬಿ ಬಾಯಿ ತೆರೆದಿಟ್ಟಿರುತ್ತೇವೆ. ನಡೆಯಲು ಕಲಿತ ಕೂಸಿನ ಮೈಯ ಅಳತೆಗೆ ತಲೆ ಭಾರ. ಬಗ್ಗಿ ಬಿದ್ದರೆ ಎದ್ದೇಳಲು ಬಾರದು. ಗೇಣುದ್ದ ನೀರೂ ಸಾಕು, ಸದ್ದು ಕೂಡ ಬರೋದಿಲ್ಲ. ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಬಂದ ಮೇಲೆ ಇನ್ನೊಂದು ಗಂಡಾಂತರ. ಆ ಪ್ಲಾಸ್ಟಿಕ್ಕಿನ ಮೇಲೆ ದೊಡ್ಡವರ ಕಾಲೂ ನಿಲ್ಲೋದಿಲ್ಲ. ಸುತ್ತ ತಂತಿ ಬೇಲಿ, ಒಳಗೆ ಇಳಿಬಿಟ್ಟ ಗಂಟಿನ ಹಗ್ಗ, ಇವೆರಡು ಇಲ್ಲದ ಹೊಂಡದ ಹತ್ತಿರ ವಸ್ತಿ ಮಾಡಿ ಕೂಸು ಬಿಡೋದು ಅಂದರೆ ಹುಡುಗಾಟವಲ್ಲ.

ಬೋರಿನ ವಿಷಯ ನಮ್ಮ ಭಾಗದವರಿಗೆ ಹೇಳಿಕೊಡಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಪಕ್ಕದ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಗಂಡುಕೂಸು ತೋಟದ ಬೋರಿನಲ್ಲಿ ಜಾರಿತು. ಸುಮಾರು 20 ತಾಸು ಇಡೀ ಸೀಮೆ ಟಿ.ವಿ. ಮುಂದೆ ಕೂತಿತ್ತು. ಕೂಸು ಬದುಕಿ ಬಂತು. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದ ಆರು ವರ್ಷದ ಹುಡುಗಿ ಬದುಕಲಿಲ್ಲ. ಬೋರಿನ ಸುತ್ತ ಬೇಲಿ, ಕೇಸಿಂಗಿಗೆ ನಟ್ಟು-ಬೋಲ್ಟಿನ ಮುಚ್ಚಳ, ನೀರು ಬೀಳದ ಬೋರಿಗೆ ತಳದಿಂದ ಮಣ್ಣು ತುಂಬುವುದು, ಇದನ್ನೆಲ್ಲ ಸುಪ್ರೀಂ ಕೋರ್ಟು 2010ರಲ್ಲೇ ಕಡ್ಡಾಯ ಮಾಡಿದೆ. ನೀರು ಬೀಳದ ಸಿಟ್ಟಿನಲ್ಲಿ ರೈತ ಗೋಣಿಚೀಲ ಮುಚ್ಚಿ ಮನೆಗೆ ನಡೆಯುತ್ತಾನೆ. ಗೋಣಿಚೀಲ ಕೂಸಿನ ಭಾರ ತಡೆಯೋದಿಲ್ಲ.

ಅಂಗನವಾಡಿಯಲ್ಲಿ ನೋಡಬೇಕಾದ್ದು ಒಲೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಖಿಚಡಿ ಬೇಯುವ ಜಾಗವೂ ಮಕ್ಕಳು ಕೂಡುವ ಜಾಗವೂ ಒಂದೇ ಆಗಿದ್ದರೆ, ಹೊರಬೀಳುವ ಬಾಗಿಲು ಒಂದೇ ಇದ್ದರೆ, ಸರಪಂಚರನ್ನು ಕೇಳಿ. ಒಂದು ಅಡ್ಡಗೋಡೆಯ ಖರ್ಚು ಪಂಚಾಯತಿಗೆ ದೊಡ್ಡದಲ್ಲ.

ಹೇಳಿಕೊಳ್ಳಲು ಮಾತು ಬೇಕು

ಈಗ ಎಲ್ಲಕ್ಕಿಂತ ಕಠಿಣದ ಮಾತು. ಮನೆಯಲ್ಲಿ ಹೆಣ್ಣುಮಕ್ಕಳೆದುರು ಪೇಪರು ಓದುವವರು ಇದನ್ನು ದಾಟಿಸಿ ಓದಬೇಡಿ.

2024ರ ಆಗಸ್ಟ್‌ನಲ್ಲಿ ಠಾಣೆ ಜಿಲ್ಲೆಯ ಬದಲಾಪುರದಲ್ಲಿ ಶಿಶುವರ್ಗದ ಇಬ್ಬರು ಪುಟ್ಟ ಹುಡುಗಿಯರ ಮೇಲೆ ಶಾಲೆಯಲ್ಲೇ ದೌರ್ಜನ್ಯ ನಡೆದ ದೂರು ಬಂತು. ಜನ ರೈಲು ತಡೆದರು. ದೂರು ದಾಖಲಿಸಲು ತಡ ಮಾಡಿದ್ದಕ್ಕೆ ಮುಂಬೈ ಹೈಕೋರ್ಟು ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು. ಆ ಮಕ್ಕಳು ತಮಗಾದದ್ದನ್ನು ಮನೆಯವರಿಗೆ ಹೇಗೋ ತಿಳಿಸಿದ್ದರಿಂದಲೇ ವಿಷಯ ಹೊರಬಿತ್ತು.

ನಮ್ಮ ಮಕ್ಕಳ ಬಾಯಲ್ಲಿ ಅಂಥ ಮಾತಿಗೆ ಶಬ್ದ ಇದೆಯೇ? ಕಣ್ಣು, ಮೂಗು, ಕಿವಿ ಕಲಿಸುತ್ತೇವೆ. ಉಚ್ಚೆ ಹೊಯ್ಯುವ ಜಾಗದ ಹೆಸರು ಬಂದರೆ ‘ಛೀ’ ಅಂತೇವೆ. ‘ಛೀ’ ಅನಿಸಿಕೊಂಡ ಜಾಗದಲ್ಲಿ ನೋವಾದರೆ ಕೂಸು ಬಾಯಿ ಬಿಡೋದಿಲ್ಲ. ಮನೆಯಲ್ಲಿ ಯಾವ ಹೆಸರು ಇದೆಯೋ ಅದನ್ನೇ ನಾಚದೆ ಕಲಿಸಬೇಕು. ಅಲ್ಲಿ ಅವ್ವ ತೊಳೆಯುವಾಗ, ಅವ್ವನ ಎದುರು ಡಾಕ್ಟರು ನೋಡುವಾಗ ಬಿಟ್ಟರೆ ಬೇರೆಯವರು ಮುಟ್ಟಬಾರದು, ಮುಟ್ಟಿದರೆ ಬಂದು ಹೇಳು, ನಿನ್ನನ್ನು ಬೈಯೋದಿಲ್ಲ, ಅಂತ. ನಗುನಗುತ್ತ ಹೋಗುತ್ತಿದ್ದ ಕೂಸು ದಿಢೀರನೆ ‘ನಾ ಒಲ್ಲೆ’ ಅಂದರೆ, ಹಾಸಿಗೆ ಒದ್ದೆ ಮಾಡತೊಡಗಿದರೆ, ಒಬ್ಬ ಮನುಷ್ಯನನ್ನು ಕಂಡರೆ ಅಡಗಿದರೆ, ಹಟ ಅಂತ ಹೊಡೆಯುವ ಮೊದಲು ಕೂತು ಕೇಳಬೇಕು.

2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆ ಇಲ್ಲಿ ಗಡಿಯವರಿಗೆ ಬಹಳ ಮುಖ್ಯ. ವಿಷಯ ಗೊತ್ತಾದ ಯಾರೇ ಆಗಲಿ ದೂರು ಕೊಡಲೇಬೇಕು, ಮುಚ್ಚಿಡುವಂತಿಲ್ಲ. ಕೂಸಿನ ಮಾತನ್ನು ಮನೆಯಲ್ಲಿ ಅಥವಾ ಅದಕ್ಕೆ ಹಿತವೆನಿಸುವ ಜಾಗದಲ್ಲಿ ಬರೆದುಕೊಳ್ಳಬೇಕು, ಅಧಿಕಾರಿ ಯೂನಿಫಾರ್ಮಿನಲ್ಲಿ ಬರಬಾರದು. ಇನ್ನೊಂದು, ಬರೆದುಕೊಳ್ಳುವ ಭಾಷೆ ಕೂಸಿಗೆ ತಿಳಿಯದಿದ್ದರೆ ದುಭಾಷಿಯನ್ನು ಕೊಡಬೇಕು ಅಂತ ಕಾಯ್ದೆಯ 19ನೇ ಕಲಮಿನಲ್ಲೇ ಇದೆ. ಮರಾಠಿ ಠಾಣೆಯಲ್ಲಿ ಕನ್ನಡದ ಕೂಸು ಕನ್ನಡದಲ್ಲೇ ಹೇಳಬಹುದು. ಇದನ್ನು ಕೇಳಿ ಪಡೆಯಬೇಕು. ತುರ್ತಿಗೆ ಮಕ್ಕಳ ಸಹಾಯವಾಣಿ 1098, ದುಡ್ಡಿಲ್ಲದ ಕರೆ.

ಜಾಹೀರಾತಿನ ಒಂದು ಸಾಲು

ದೂರಿನ ಹೊತ್ತಿಗೆ ದುಭಾಷಿ ಕೊಡುವ ಸರ್ಕಾರ ಅದಕ್ಕೂ ಮೊದಲು, ಮುಳ್ಳು ಚುಚ್ಚಿದ ಹೊತ್ತಿಗೆ ಏನು ಕೊಡುತ್ತದೆ? ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಮಹಾರಾಷ್ಟ್ರ ಸರ್ಕಾರದ 2023ರ ನಿಯಮದಂತೆ ಬಂದ ಅಂಗನವಾಡಿ ಸೇವಿಕಾ, ಮದತನೀಸ ಭರ್ತಿಯ ಜಾಹೀರಾತುಗಳನ್ನು ತೆಗೆದು ನೋಡಿ. ಅಂಗನವಾಡಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮರಾಠಿ ಬಿಟ್ಟು ಬೇರೆ ಮಾತಾಡುವವರಾದರೆ ಅಲ್ಲಿ ಮರಾಠಿಯ ಜೊತೆ ಆ ಭಾಷೆಯೂ ಬಲ್ಲವರನ್ನು ತೆಗೆದುಕೊಳ್ಳಬೇಕು ಅಂತ ಅದರಲ್ಲಿದೆ. ಉರ್ದು, ಗೋಂಡಿ, ತೆಲುಗು, ಲಮಾಣಿ ಜೊತೆ ಕನ್ನಡದ ಹೆಸರೂ ಆ ಯಾದಿಯಲ್ಲಿದೆ. ಆದರೆ ಹೇಳಿಕೊಂಡರೆ ಸಾಲದು, ಆ ಭಾಷೆ ಓದಲು ಬರೆಯಲು ಬರಬೇಕು. ಅಭ್ಯರ್ಥಿ ಅದೇ ಊರಿನ ರಹಿವಾಸಿ ಆಗಿರಬೇಕು, ಬಾರಾವಿ ಪಾಸಾಗಿರಬೇಕು.

ಅಂದರೆ ಜಾಗ ಖಾಲಿಯಾದ ಊರಿನಲ್ಲಿ ಕನ್ನಡ ಶಾಲೆ ಓದಿ ಬಾರಾವಿ ಮುಗಿಸಿದ, ಮರಾಠಿಯೂ ಬಲ್ಲ ಸೊಸೆಯೋ ಮಗಳೋ ಅರ್ಜಿ ಹಾಕಬೇಕು. ಹಾಕದಿದ್ದರೆ ಜಾಗ ಖಾಲಿ ಬಿಡೋದಿಲ್ಲ. ‘ಮಾನಧನ ಕಡಿಮೆ, ಅದಕ್ಕ್ಯಾಕ’ ಅನ್ನುವ ಮಾವಂದಿರು ನಾಳೆ ಮೊಮ್ಮಗ ‘ಕಾಲ’ ಅಂತ ಅತ್ತಾಗ ಯಾರನ್ನು ಬೈಯುತ್ತಾರೆ? ಅರ್ಧಕ್ಕಿಂತ ಹೆಚ್ಚು ಮಕ್ಕಳು ಕನ್ನಡದವರು ಅಂತ ತೋರಿಸಲು ಕಾಗದ ಬೇಕು. ಅದನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆಸಿ ಬಾಲವಿಕಾಸ ಪ್ರಕಲ್ಪ ಕಚೇರಿಗೆ ಕೊಡಬಹುದು. ಊರಿಂದ ದೂರ ತೋಟದ ವಸ್ತಿಯಲ್ಲಿ ಇರುವವರಿಗೂ ಒಂದು ಮಾತು. ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ವಸ್ತಿಯವರು ಬೇಡಿಕೆ ಇಟ್ಟರೆ ಮೂರು ತಿಂಗಳ ಒಳಗೆ ಕೇಂದ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ಆದೇಶ ಮಾಡಿದೆ. ಬೇಡಿಕೆ ಬಾಯಿಮಾತಿನದ್ದಾದರೆ ಯಾರೂ ಕೇಳೋದಿಲ್ಲ. ಬರೆದು ಕೊಟ್ಟು ಪೋಚ್ ಇಸಗೊಳ್ಳಬೇಕು.

ಮುಳ್ಳಿನ ಪ್ರಸಂಗ ಆದ ವಾರ ನಾನೂ ಒಂದು ಸಣ್ಣ ಕೆಲಸ ಮಾಡಿದ್ದೆ. ರೂಳಕಾಗದದ ಮೇಲೆ ಹತ್ತು ಕನ್ನಡ ಶಬ್ದಗಳನ್ನು ದೇವನಾಗರಿಯಲ್ಲಿ ಬರೆದು ಎದುರಿಗೆ ಮರಾಠಿ ಅರ್ಥ ಹಾಕಿದೆ: ನೋವು, ಕಾಲ, ಕೈ, ಹೊಟ್ಟಿ, ನೀರಡಿಕಿ, ಹಸಿವು, ಉಚ್ಚಿ, ಅಂಜಿಕಿ, ನಿದ್ದಿ, ಅವ್ವ. ಸೇವಿಕಾ ಬಾಯಿ ನಕ್ಕು, ತೂಕದ ತಕ್ತೆಯ ಪಕ್ಕದಲ್ಲಿ ಗೋಡೆಗೆ ಹಚ್ಚಿದರು. ತಿಂಗಳೊಪ್ಪತ್ತಿನ ಮೇಲೆ ಮಗಳನ್ನು ಕರೆತರಲು ಹೋದಾಗ ನೋಡಿದೆ. ಕೆಳಗೆ ಅವರ ಅಕ್ಷರದಲ್ಲೇ ಹನ್ನೊಂದನೆಯದು ಸೇರಿತ್ತು. ಅದರ ಅರ್ಥದ ಜಾಗ ಖಾಲಿ ಇತ್ತು. ‘ಹೇ ಕಾಯ ಮ್ಹಣತೇ ರೋಜ?’ ಅಂತ ನನ್ನನ್ನೇ ಕೇಳಿದರು. ಇವಳು ದಿನಾ ಇದೇನು ಅಂತಾಳೆ, ಅಂತ. ಓದಿದೆ: ‘ಅವ್ವ ಯಾವಾಗ ಬರ್ತಾಳ?’